ಹೊತ್ತೊಯ್ಯುವ ಒಂಟಿ ಗುಡಾರ: ಆಯ್ಕೆ ಹೇಗೆ?

ಹಾವೇರಿ ಜಿಲ್ಲೆಯಲ್ಲಿ ರಾತ್ರಿಗಳನ್ನು ಬಯಲಲ್ಲೇ ಕಳೆಯುವವರು ಕಡಿಮೆಯೇನಲ್ಲ. ರಾಣೆಬೆನ್ನೂರು ಕಡೆಯ ಕುರಿಗಾರರು ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡು ನಿಲ್ಲಿಸಿ, ಅದರ ಪಕ್ಕದಲ್ಲೇ ಮಲಗುತ್ತಾರೆ. ಬ್ಯಾಡಗಿಯ ಸುತ್ತಮುತ್ತ ಚಳಿಗಾಲ ಬಂದಿತೆಂದರೆ ಕಣಗಳು ಮೆಣಸಿನಕಾಯಿಯಿಂದ ಕೆಂಪಾಗುತ್ತವೆ. ಹರವಿದ ಕಾಯಿಯನ್ನು ಹಗಲೂ ರಾತ್ರಿಯೂ ಕಾಯಲು ಒಬ್ಬರು ಬೇಕು. ಹಾವೇರಿ ಕಡೆಯ ಗೋವಿನಜೋಳದ ಹೊಲಗಳಿಗೆ ಕಾಡುಹಂದಿ, ಕೃಷ್ಣಮೃಗಗಳ ಕಾಟ. ತೆನೆ ಬಲಿಯುವ ಹೊತ್ತಿಗೆ ರಾತ್ರಿ ಕಾವಲು ತಪ್ಪುವುದಿಲ್ಲ.

ಈ ಮೂವರಿಗೂ ಬೇಕಾದದ್ದು ಒಂದೇ: ಒಬ್ಬರೇ ಹೊತ್ತೊಯ್ದು, ಒಬ್ಬರೇ ನಿಲ್ಲಿಸಿ, ಒಬ್ಬರೇ ಒಳಗಿರಬಹುದಾದ ಸೂರು. ಪೇಟೆಯಲ್ಲಿ ತಾಡಪತ್ರಿ ಇದೆ, ಕ್ಯಾನ್ವಾಸ್ ಇದೆ, ಮಡಚುವ ನೈಲಾನ್ ಗುಡಾರವೂ ಇದೆ. ಯಾವುದನ್ನು ಆರಿಸಬೇಕು? ‘ದಪ್ಪವಾದದ್ದು ಬೆಚ್ಚಗೆ, ಎಲ್ಲ ಕಡೆ ಮುಚ್ಚಿದ್ದು ಇನ್ನೂ ಬೆಚ್ಚಗೆ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ. ಕೆಲವು ಸಂದರ್ಭಗಳಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಮೈಯ ಉಷ್ಣ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಹೊರಗಿನ ಉಷ್ಣ ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಎಂದು ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಹೆಪ್ಪುಗಟ್ಟಿದ ಕೆರೆಯಿಂದ ಒಂದು ಪಾಠ

ಫಿನ್ಲೆಂಡ್, ಕೆನಡಾ, ಅಮೆರಿಕದ ಮಿನೆಸೋಟ ಮುಂತಾದೆಡೆ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಒಬ್ಬರಿಗೆ ಸಾಕಾಗುವ ಪುಟ್ಟ ಗುಡಾರವನ್ನು ಜಾರುಬಂಡಿಯ ಮೇಲೆ ಎಳೆದುಕೊಂಡು ಹೋಗಿ, ಕುಳಿತಲ್ಲಿಂದಲೇ ಅದರ ಚೌಕಟ್ಟನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಅದನ್ನು ಕೊಳ್ಳುವಾಗ ಅವರು ನೋಡುವ ಅಂಶಗಳು ಐದು: ಗಾಳಿಯನ್ನು ತಡೆಯುತ್ತದೆಯೇ? ಕೂರುವ ಜಾಗ ಮಂಜುಗಡ್ಡೆಗೆ ತಾಗದಂತೆ ಮೇಲಿದೆಯೇ? ಒಳಗಿನ ಗಾಳಿ ಹೊರಹೋಗಲು ಕಿಂಡಿ ಇದೆಯೇ? ಬಿರುಗಾಳಿಗೆ ಹಾರದಂತೆ ಬಿಗಿಯಬಹುದೇ? ಒಬ್ಬರೇ ಎಳೆಯುವಷ್ಟು ಹಗುರವೇ?

ಹಾವೇರಿಯಲ್ಲಿ ಮಂಜುಗಡ್ಡೆ ಇಲ್ಲ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ತಾಪ 15° ಸೆ. ಆಸುಪಾಸಿಗೆ ಇಳಿಯುತ್ತದೆ, ಅಷ್ಟೆ. ಆದರೆ ಆ ಐದೂ ಪ್ರಶ್ನೆಗಳು ನಮ್ಮ ಗುಡಾರಕ್ಕೂ ಸಲ್ಲುತ್ತವೆ. ಜೊತೆಗೆ ನಮಗೆ ಇನ್ನೆರಡು ಸೇರುತ್ತವೆ: ತಲೆಯ ಮೇಲಿನ ಬರಿ ಆಕಾಶ ಮತ್ತು ಹಗಲಿನ ಬಿಸಿಲು.

ಮೇಲೆ: ಆಕಾಶಕ್ಕೆ ಮರೆ

ಚಳಿಗಾಲದ ಬೆಳಗ್ಗೆ ಒಂದು ಸಂಗತಿಯನ್ನು ಗಮನಿಸಿ. ರಾತ್ರಿ ಬಯಲಲ್ಲಿ ನಿಲ್ಲಿಸಿದ ಸೈಕಲ್ಲಿನ ಸೀಟು ಇಬ್ಬನಿಯಿಂದ ಒದ್ದೆಯಾಗಿರುತ್ತದೆ. ಮರದಡಿ ನಿಲ್ಲಿಸಿದ ಸೈಕಲ್ಲಿನ ಸೀಟು ಬಹುಮಟ್ಟಿಗೆ ಒಣಗಿರುತ್ತದೆ. ಎರಡನ್ನೂ ಸುತ್ತುವರಿದಿದ್ದ ಗಾಳಿ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ವಿಕಿರಣದಲ್ಲಿದೆ. ಎಲ್ಲ ವಸ್ತುಗಳೂ ತಮ್ಮ ತಾಪಕ್ಕೆ ತಕ್ಕಂತೆ ಅವಕೆಂಪು ಕಿರಣಗಳನ್ನು ಹೊರಸೂಸುತ್ತಲೇ ಇರುತ್ತವೆ. ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮದಂತೆ ಈ ವಿಕಿರಣ ನಿರಪೇಕ್ಷ ತಾಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಇದರ ಸ್ಥಿರಾಂಕ 5.67 × 10⁻⁸. ಮೋಡವಿಲ್ಲದ ರಾತ್ರಿಯ ಆಕಾಶ ನೆಲಕ್ಕೆ ಮರಳಿ ಕಳಿಸುವ ವಿಕಿರಣ ಕಡಿಮೆ. ನೆಲದ ಗಾಳಿ 15° ಸೆ. ಇದ್ದಾಗ ಆಕಾಶವು ಸುಮಾರು 0° ಸೆ. ತಾಪದ ವಸ್ತುವಿನಂತೆ ವರ್ತಿಸುತ್ತದೆ ಎಂದುಕೊಳ್ಳೋಣ.

ಈಗ ಲೆಕ್ಕ ಮಾಡಿ. ಮಲಗಿದವರ ಹೊದಿಕೆಯ ಮೇಲ್ಮೈ 25° ಸೆ., ಅಂದರೆ 298 ಕೆಲ್ವಿನ್ ಇದ್ದರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 447 ವಾಟ್ ಹೊರಸೂಸುತ್ತದೆ. ಆಕಾಶದಿಂದ ಬರುವುದು 315 ವಾಟ್. ನಷ್ಟ 132 ವಾಟ್. ಆಕಾಶಕ್ಕೆ ಮುಖಮಾಡಿದ ಮೈಯ ವಿಸ್ತೀರ್ಣ 0.7 ಚದರ ಮೀಟರ್ ಎಂದರೆ ಒಟ್ಟು ನಷ್ಟ ಸುಮಾರು 92 ವಾಟ್. ನಿದ್ರಿಸುವ ವಯಸ್ಕರ ದೇಹ ಉತ್ಪಾದಿಸುವ ಉಷ್ಣವೇ ಸುಮಾರು 70–80 ವಾಟ್. ಖರ್ಚು ಆದಾಯವನ್ನು ಮೀರಿತು! ಆಗ ಹೊದಿಕೆ ತಣ್ಣಗಾಗುತ್ತ ಹೋಗುತ್ತದೆ. ಮೈಗೆ ಚಳಿ ಹತ್ತುತ್ತದೆ.

ಈಗ ಅವರ ಮೇಲೆ, ಒಂದು ಮೀಟರ್ ಎತ್ತರದಲ್ಲಿ, ಒಂದು ಬಟ್ಟೆಯನ್ನು ಕಟ್ಟಿ. ಗೋಡೆ ಬೇಡ. ಬಟ್ಟೆಯ ತಾಪ ಗಾಳಿಯಷ್ಟೇ, ಅಂದರೆ 15° ಸೆ. ಇದ್ದರೆ ಅದು ಕೆಳಮುಖವಾಗಿ 390 ವಾಟ್ ಕಳಿಸುತ್ತದೆ. ನಷ್ಟ ಚದರ ಮೀಟರಿಗೆ 57 ವಾಟ್‌ಗೆ, ಒಟ್ಟಾರೆ ಸುಮಾರು 40 ವಾಟ್‌ಗೆ ಇಳಿಯುತ್ತದೆ. ಬಟ್ಟೆ ತಾನೂ ಆಕಾಶಕ್ಕೆ ಉಷ್ಣ ಕಳೆದುಕೊಂಡು ಗಾಳಿಗಿಂತ ತುಸು ತಣ್ಣಗಾಗುವುದರಿಂದ ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಹಾಗಿದ್ದರೂ ತೆಳುವಾದ, ನಾಲ್ಕೂ ಕಡೆ ತೆರೆದ ಒಂದು ಚಪ್ಪರ ಇಷ್ಟು ಕೆಲಸ ಮಾಡುತ್ತದೆ ಎಂಬುದು ಗಮನಾರ್ಹ. ಕಣದ ಮೆಣಸಿನಕಾಯಿಗೆ ಸಂಜೆ ಹೊದಿಕೆ ಹಾಕುವುದರ ಹಿಂದೆಯೂ ಇದೇ ತತ್ತ್ವವಿದೆ.

ಒಂದು ಎಚ್ಚರಿಕೆ. ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಮಳೆಯನ್ನು ತಡೆಯುತ್ತದೆ. ಆದರೆ ಅವಕೆಂಪು ಕಿರಣಗಳನ್ನು ಬಹುಪಾಲು ಹಾಯಬಿಡುತ್ತದೆ. ಆಕಾಶಕ್ಕೆ ಅದು ಒಳ್ಳೆಯ ಮರೆಯಲ್ಲ. ಇಬ್ಬನಿ ಬಿದ್ದು ಅದರ ಮೇಲೆ ನೀರಿನ ಪದರ ಕಟ್ಟಿದ ಮೇಲಷ್ಟೇ ಅದು ವಿಕಿರಣವನ್ನು ತಡೆಯತೊಡಗುತ್ತದೆ.

ಕೆಳಗೆ: ನೆಲಕ್ಕೂ ಮೈಗೂ ನಡುವೆ

‘ಎರಡು ಕಂಬಳಿ ಇದ್ದರೆ ಎರಡನ್ನೂ ಹೊದ್ದುಕೊ’ ಎನ್ನುವುದು ಸಹಜ. ಆದರೆ ಒಂದನ್ನು ಹಾಸಿ, ಒಂದನ್ನು ಹೊದೆಯುವುದು ಜಾಣತನ. ನೆಲಕ್ಕೆ ತಾಗಿದ ಮೈಯಿಂದ ಉಷ್ಣವಹನದ ಮೂಲಕ ಉಷ್ಣ ಸೋರುತ್ತದೆ. ಒದ್ದೆ ಮಣ್ಣಾದರೆ ಸೋರಿಕೆ ಇನ್ನೂ ಹೆಚ್ಚು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ 20 ಪಟ್ಟಿಗೂ ಮಿಗಿಲು.

ನೆಲ 18° ಸೆ., ಚರ್ಮ 33° ಸೆ., ತಾಗಿದ ಜಾಗ ಅರ್ಧ ಚದರ ಮೀಟರ್, ಮೈಭಾರಕ್ಕೆ ಅದುಮಿದ ಕಂಬಳಿಯ ದಪ್ಪ 5 ಮಿ.ಮೀ., ಅದರ ವಾಹಕತೆ 0.05 ಎಂದಿಟ್ಟುಕೊಂಡರೆ ನಷ್ಟ 75 ವಾಟ್. ಅದೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದರೆ ಸುಮಾರು 19 ವಾಟ್. ಮೈಯಡಿಯ ನೆಲವೂ ಕ್ರಮೇಣ ಬೆಚ್ಚಗಾಗುವುದರಿಂದ ನಿಜವಾದ ನಷ್ಟ ಈ ಎರಡು ಸಂಖ್ಯೆಗಳಿಗಿಂತಲೂ ಕಡಿಮೆ. ಆದರೆ ಹೋಲಿಕೆ ಸ್ಪಷ್ಟ. ಒಣಹುಲ್ಲು, ಗೋಣಿಚೀಲ, ಜೋಳದ ಕಣಿಕೆ ಯಾವುದಾದರೂ ಆದೀತು. ಅವುಗಳೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿಯೇ ಅವಾಹಕ.

ಹೊರಸು ಇದ್ದರೆ ಇನ್ನೂ ಒಂದು ಲಾಭ. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುತ್ತದೆ. ನೆಲದಿಂದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಂಡರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಹೊರಸಿನಡಿ ಗಾಳಿ ಬೀಸುವುದರಿಂದ ಅದರ ಮೇಲೂ ಹಾಸು ಬೇಕೇ ಬೇಕು.

ಸುತ್ತಲೂ: ಗೋಡೆ ಎಷ್ಟು, ಕಿಂಡಿ ಎಷ್ಟು?

ಗಾಳಿ ಬೀಸಿದಾಗ ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಪದರ ಕೊಚ್ಚಿಹೋಗುತ್ತದೆ. ಆದ್ದರಿಂದ ಗಾಳಿ ಬರುವ ಕಡೆಗೆ ಗೋಡೆ ಬೇಕು. ನಮ್ಮಲ್ಲಿ ಚಳಿಗಾಲದ ಗಾಳಿ ಸಾಮಾನ್ಯವಾಗಿ ಮೂಡಣದಿಂದ, ಮುಂಗಾರಿನ ಗಾಳಿ ಪಡುವಣ–ನೈಋತ್ಯದಿಂದ ಬೀಸುತ್ತದೆ. ಗುಡಾರದ ಬೆನ್ನು ಆ ದಿಕ್ಕಿಗಿರಲಿ. ಬಾಗಿಲು ಅದಕ್ಕೆ ವಿರುದ್ಧವಾಗಿರಲಿ.

ಹಾಗೆಂದು ಎಲ್ಲ ಕಡೆ ಬಿಗಿಯಾಗಿ ಮುಚ್ಚಿದರೆ? ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಗೆ ಕಾಲಿನಿಂದ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. 20° ಸೆ. ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ಆವಿಯನ್ನಷ್ಟೇ ಹಿಡಿದಿಡಬಲ್ಲದು. ಒಂಟಿ ಗುಡಾರದ ಒಳಗಾತ್ರ ಹೆಚ್ಚುಕಡಿಮೆ 2 ಘನ ಮೀಟರ್. ಅಂದರೆ 34 ಗ್ರಾಂ! ಉಳಿದದ್ದು ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ, ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ‘ಗುಡಾರ ಸೋರುತ್ತದೆ’ ಎಂದು ದೂರುವವರ ಗುಡಾರ ಎಷ್ಟೋ ಸಲ ಸೋರಿರುವುದಿಲ್ಲ. ಒಳಗಿನ ಆವಿಯೇ ನೀರಾಗಿರುತ್ತದೆ. ಆದ್ದರಿಂದ ಕೆಳಗೊಂದು, ಮೇಲೊಂದು ಕಿಂಡಿ ಇರುವ ಗುಡಾರವನ್ನೇ ಆರಿಸಿ. ಬೆಚ್ಚನೆಯ ತೇವದ ಗಾಳಿ ಮೇಲಿನಿಂದ ಹೊರಹೋಗುತ್ತದೆ, ಹೊಸ ಗಾಳಿ ಕೆಳಗಿನಿಂದ ಬರುತ್ತದೆ.

ಕೆಂಡ ಒಳಗೆ ಬೇಡ

ಕಿಂಡಿಯ ಪ್ರಶ್ನೆ ಪ್ರಾಣಕ್ಕೆ ಸಂಬಂಧಿಸಿದ್ದು ಇಲ್ಲಿ. ಚಳಿ ತಾಳಲಾರದೆ ಬುಟ್ಟಿಯಲ್ಲೋ ತಗಡಿನಲ್ಲೋ ಕೆಂಡ ತುಂಬಿ ಗುಡಾರದೊಳಗೆ ಇಟ್ಟುಕೊಳ್ಳುವವರಿದ್ದಾರೆ. ಹೊಗೆಯಾಡುವ ಕಟ್ಟಿಗೆಯಾದರೆ ಕಣ್ಣುರಿ, ಕೆಮ್ಮು ಎಚ್ಚರಿಸುತ್ತವೆ. ಹೊಗೆಯಿಲ್ಲದ ನಿಗಿನಿಗಿ ಕೆಂಡ ಎಚ್ಚರಿಸುವುದಿಲ್ಲ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲದೊಡನೆ ಬೆಸೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. 10 ಗ್ರಾಂ ಇದ್ದಿಲು ಉರಿಯಿತು, ಅದರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 1 ಗ್ರಾಂ ಮಾತ್ರ ಅಪೂರ್ಣವಾಗಿ ಉರಿಯಿತು ಎಂದಿಟ್ಟುಕೊಳ್ಳಿ. 12 ಗ್ರಾಂ ಕಾರ್ಬನ್ನಿನಿಂದ 28 ಗ್ರಾಂ ಮಾನಾಕ್ಸೈಡ್ ಬರುವುದರಿಂದ 1 ಗ್ರಾಂಗೆ 2.3 ಗ್ರಾಂ, ಗಾತ್ರದಲ್ಲಿ ಸುಮಾರು 2 ಲೀಟರ್. ಮುಚ್ಚಿದ ಗುಡಾರದ ಗಾಳಿ 2000 ಲೀಟರ್. ಅಂದರೆ ಸಾವಿರಕ್ಕೆ ಒಂದು ಭಾಗ. ಇಷ್ಟು ಸಾಂದ್ರತೆಯಲ್ಲಿ ಮೊದಲು ತಲೆನೋವು, ವಾಕರಿಕೆ; ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು, ಸಾವೂ ಬರಬಹುದು. ನಿದ್ರಿಸುತ್ತಿರುವವರಿಗೆ ತಲೆನೋವೂ ಗೊತ್ತಾಗುವುದಿಲ್ಲ. ಒಂದು ಹಿಡಿ ಇದ್ದಿಲು 10 ಗ್ರಾಂಗಿಂತ ಹೆಚ್ಚೇ ಇರುತ್ತದೆ. ದೊಡ್ಡ ಕೋಣೆಯಲ್ಲೂ ಇದು ಅಪಾಯವೇ. ಗುಡಾರ ಪುಟ್ಟದಾದಷ್ಟೂ ಅಪಾಯ ಬೇಗ ಬರುತ್ತದೆ.

ಬೆಂಕಿ ಹೊರಗಿರಲಿ, ಅದರ ಉಷ್ಣ ಮಾತ್ರ ಒಳಗೆ ಬರಲಿ. ಒಂದು ಲೀಟರ್ ಬಿಸಿನೀರನ್ನು ಬಿರಡೆ ಭದ್ರವಾಗಿರುವ ಒಂಟಿ ಪದರದ ಸ್ಟೀಲ್ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. 70° ಸೆ.ನಿಂದ 30° ಸೆ.ಗೆ ತಣಿಯುವಾಗ ಅದು 168 ಕಿಲೊಜೂಲ್ ಉಷ್ಣ ಕೊಡುತ್ತದೆ. ಮೂರು ಗಂಟೆಗೆ ಹಂಚಿದರೆ ಸರಾಸರಿ 15 ವಾಟ್, ಅಂದರೆ ದೇಹದ ಸ್ವಂತ ಉತ್ಪಾದನೆಯ ಐದನೆಯ ಒಂದು ಭಾಗ. ವಿಷವಿಲ್ಲ, ಬೆಂಕಿಯ ಭಯವಿಲ್ಲ.

ಹಗಲು: ಕಣದ ಬಿಸಿಲು

ಬ್ಯಾಡಗಿಯ ಕಣ ಕಾಯುವವರಿಗೆ ಮಾರ್ಚ್–ಏಪ್ರಿಲ್‌ನಲ್ಲಿ ಶತ್ರು ಚಳಿಯಲ್ಲ, ಬಿಸಿಲು. ನಡುಹಗಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1000 ವಾಟ್ ಸೌರಶಕ್ತಿ ಬೀಳುತ್ತದೆ. ಕಡುಬಣ್ಣದ ತಾಡಪತ್ರಿ ಅದರ ಬಹುಭಾಗವನ್ನು ಹೀರಿ 60° ಸೆ. ವರೆಗೂ ಕಾಯಬಹುದು. ಆಗ ಅದು ಕೆಳಗಿರುವವರ ಮೇಲೆ ಚದರ ಮೀಟರಿಗೆ ಸುಮಾರು 700 ವಾಟ್ ಅವಕೆಂಪು ಕಿರಣ ಸುರಿಸುತ್ತದೆ. ನೆರಳಿದ್ದರೂ ನೆತ್ತಿ ಸುಡುತ್ತದೆ. ಅದರ ಕೆಳಗೆ ಒಂದು ಗೇಣು ಅಂತರ ಬಿಟ್ಟು ಇನ್ನೊಂದು ಬಟ್ಟೆ ಕಟ್ಟಿ, ನಡುವೆ ಗಾಳಿಯಾಡುವಂತೆ ಮಾಡಿದರೆ ಕೆಳಗಿನ ಪದರ ಹೊರಗಿನ ಗಾಳಿಯ ತಾಪಕ್ಕೆ ಹತ್ತಿರವೇ ಇರುತ್ತದೆ. ಅದು 40° ಸೆ. ಇದ್ದರೆ ಕೆಳಗೆ ಬರುವ ವಿಕಿರಣ ಸುಮಾರು 545 ವಾಟ್. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಮೇಲು. ಮೇಲಿನದು ಬಿಳಿಯದಾದರೆ ಇನ್ನೂ ಮೇಲು.

ಗಾಳಿ ಮತ್ತು ಸಿಡಿಲು

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗುಡಾರದ ಒಂದು ಮಗ್ಗುಲು 2 ಚದರ ಮೀಟರ್ ಎಂದರೆ, ಗಂಟೆಗೆ 36 ಕಿ.ಮೀ. ವೇಗದ ಗಾಳಿ ಅದನ್ನು ಸುಮಾರು 120 ನ್ಯೂಟನ್ ಬಲದಿಂದ, ಅಂದರೆ 12 ಕಿ.ಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ವೇಗ ಇಮ್ಮಡಿಸಿ 72 ಕಿ.ಮೀ. ಆದರೆ ಬಲ ನಾಲ್ಕು ಪಟ್ಟು, ಸುಮಾರು 48 ಕಿ.ಗ್ರಾಂ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಇಂಥ ಗಾಳಿ ಹಠಾತ್ತನೆ ಬರುತ್ತದೆ. ಮಸಾರಿ ನೆಲದಲ್ಲಿ ಗೂಟ ನಿಲ್ಲುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಕೆಸರಾಗುತ್ತದೆ, ಗೂಟ ಕಿತ್ತುಬರುತ್ತದೆ. ಅಲ್ಲಿ ಚೀಲಕ್ಕೆ ಮಣ್ಣು ತುಂಬಿ, ಮೊಳದಷ್ಟು ಆಳದ ಗುಣಿಯಲ್ಲಿ ಹೂತು, ಅದಕ್ಕೆ ಹಗ್ಗ ಬಿಗಿಯಿರಿ.

ಸಿಡಿಲಿನಿಂದ ಯಾವ ಗುಡಾರವೂ ರಕ್ಷಿಸದು. ಒಂಟಿ ಮರದಡಿ ಗುಡಾರ ಹೂಡಬೇಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಪಕ್ಕಾ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಅಲ್ಲೇ ಇರಬೇಕು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ‘ದಾಮಿನಿ’ ಮೊಬೈಲ್ ತಂತ್ರಾಂಶ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಯಾವ ವಸ್ತು?

ತಾಡಪತ್ರಿ: ನೀರು ಹೀರುವುದಿಲ್ಲ, ಹಗುರ. ಚದರ ಮೀಟರಿಗೆ 200 ಗ್ರಾಂ ಇರುವ ಹಾಳೆ 3 ಮೀ. × 2.5 ಮೀ. ಅಳತೆಗೆ 1.5 ಕಿ.ಗ್ರಾಂ ತೂಗುತ್ತದೆ. ಆವಿಯನ್ನು ಹೊರಬಿಡುವುದಿಲ್ಲ. ಬೆಂಕಿಗೆ ಕರಗಿ ಅಂಟುತ್ತದೆ.

ಹತ್ತಿ ಕ್ಯಾನ್ವಾಸ್: ಒದ್ದೆಯಾದಾಗ ನೂಲು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಒಣಗಿದ್ದಾಗ ಉಸಿರಾಡುತ್ತದೆ. ಆದರೆ ಭಾರ, ನೆನೆದರೆ ಇನ್ನೂ ಭಾರ. ಮಳೆಯಲ್ಲಿ ಒಳಮೈಯನ್ನು ಮುಟ್ಟಿದರೆ ಆ ಜಾಗದಲ್ಲಿ ಹನಿಯತೊಡಗುತ್ತದೆ.

ನೈಲಾನ್ ಗುಡಾರ: ತಳ, ಜಾಲರಿ, ಬಾಗಿಲು ಒಟ್ಟಿಗೇ ಹೊಲಿದಿರುವುದರಿಂದ ಹುಳುಹುಪ್ಪಟೆ ಒಳಬರುವುದಿಲ್ಲ. ಒಳಗೆ ಜಾಲರಿ, ಮೇಲೊಂದು ಪ್ರತ್ಯೇಕ ಮಳೆಹೊದಿಕೆ ಇರುವುದನ್ನೇ ಕೊಳ್ಳಿ. ಒಂದೇ ಪದರದ್ದರಲ್ಲಿ ಆವಿ ಹನಿಯುತ್ತದೆ.

ಕಂಬಳಿ: ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿ ನೇಯ್ಗೆಗೆ ಹೆಸರಾದ ಊರು. ಕರಿ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಕೊಡುತ್ತಾರೆ. ಉಣ್ಣೆಯ ಎಳೆಯ ಹೊರಮೈ ನೀರನ್ನು ಜಾರಿಸುತ್ತದೆ, ಒಳಭಾಗ ಆವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಎನಿಸುವುದಿಲ್ಲ. ಹೀರುವಾಗ ಸ್ವಲ್ಪ ಉಷ್ಣವನ್ನೂ ಬಿಡುತ್ತದೆ. ಕಿಡಿ ಬಿದ್ದರೆ ಕಮರುತ್ತದೆಯೇ ಹೊರತು ಸುಲಭವಾಗಿ ಹೊತ್ತಿ ಉರಿಯುವುದಿಲ್ಲ. ಕುರಿಗಾರರು ಅದನ್ನೇ ಕೊಪ್ಪೆ ಮಾಡಿ ಹೊದ್ದು ಮಳೆಯಲ್ಲಿ ನಿಲ್ಲುವುದು ಸುಮ್ಮನೆ ಅಲ್ಲ. ಆದರೆ ದೀರ್ಘ ಮಳೆಗೆ ಅದೂ ನೆನೆದು ಭಾರವಾಗುತ್ತದೆ.

ಯಾರಿಗೆ ಯಾವುದು?

ದಿನಕ್ಕೊಂದು ಊರು ಸಾಗುವ ಕುರಿಗಾರರಿಗೆ ತೂಕವೇ ಮುಖ್ಯ. ಒಂದು ಹಗುರವಾದ ತಾಡಪತ್ರಿ, ಎರಡು ಕೋಲು, ಆರು ಹಗ್ಗ, ಎರಡು ಕಂಬಳಿ ಸಾಕು. ತಾಡಪತ್ರಿಯ ಒಂದು ಅಂಚು ಗಾಳಿಯ ಕಡೆ ನೆಲಕ್ಕೆ ತಾಗಲಿ. ಇನ್ನೊಂದು ಅಂಚು ಎದೆಮಟ್ಟಕ್ಕೆ ಎತ್ತಿರಲಿ, ಅಲ್ಲಿಂದ ಹಿಂಡು ಕಾಣುತ್ತಿರಲಿ.

ವಾರಗಟ್ಟಲೆ ಒಂದೇ ಕಡೆ ಇರುವ ಕಣದ ಕಾವಲುಗಾರರಿಗೆ ತೂಕದ ಚಿಂತೆಯಿಲ್ಲ. ಎತ್ತರದ ಎರಡು ಪದರದ ಚಪ್ಪರ, ಹೊರಸು, ರಾತ್ರಿಗೆ ಗಾಳಿಯ ಕಡೆ ಇಳಿಬಿಡುವ ಒಂದು ಪರದೆ ಅವರಿಗೆ ತಕ್ಕದ್ದು. ಕಣ ರಸ್ತೆಯ ಮಗ್ಗುಲಲ್ಲಿದ್ದರೆ ಗುಡಾರಕ್ಕೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿ. ಟ್ರ್ಯಾಕ್ಟರ್, ಲಾರಿ ಓಡಿಸುವವರಿಗೆ ಮಲಗಿದವರು ಕಾಣಬೇಕು.

ಗೋವಿನಜೋಳದ ಹೊಲ ಕಾಯುವವರಿಗೆ ಮಳೆ, ಕೆಸರು, ಹುಳು, ಹಾವು ಎಲ್ಲವೂ ಒಟ್ಟಿಗೆ. ತಳ ಹೊಲಿದ, ಜಾಲರಿಯಿರುವ, ಎರಡು ಪದರದ ಗುಡಾರ ಅವರಿಗೆ ಒಳ್ಳೆಯದು. ನಾಲ್ಕೂ ಕಡೆ ಕಿಟಕಿ ಇರಲಿ. ಬಾಗಿಲು ಒಳಗಿನಿಂದ ಒಂದೇ ಎಳೆತಕ್ಕೆ ತೆರೆಯಬೇಕು. ಕೊಳ್ಳುವ ಮೊದಲು ಒಳಗೆ ಮಲಗಿ ನೋಡಿ, ಕುಳಿತು ನೋಡಿ. ಹೊಲಿಗೆಯ ಮೇಲೆ ಹತ್ತು ನಿಮಿಷ ನೀರು ಸುರಿದು ನೋಡಿ. ಕತ್ತಲಲ್ಲಿ ಒಬ್ಬರೇ ನಿಲ್ಲಿಸಲು ಎಷ್ಟು ಹೊತ್ತು ಬೇಕೆಂದು ಅಳೆಯಿರಿ.

ಶಾಲೆಯಲ್ಲಿ ಮಾಡಿ ನೋಡಿ

ಮೋಡವಿಲ್ಲದ ಚಳಿಗಾಲದ ರಾತ್ರಿ ಒಂದೇ ಬಗೆಯ ಮೂರು ತಾಪಮಾಪಕಗಳನ್ನು ಒಣ ಹಲಗೆಗಳ ಮೇಲೆ ಬಯಲಲ್ಲಿಡಿ. ಒಂದು ತೆರೆದಿರಲಿ. ಎರಡನೆಯದರ ಮೇಲೆ ಒಂದು ಮೀಟರ್ ಎತ್ತರದಲ್ಲಿ ಹತ್ತಿ ಬಟ್ಟೆಯನ್ನೂ, ಮೂರನೆಯದರ ಮೇಲೆ ಅಷ್ಟೇ ಎತ್ತರದಲ್ಲಿ ಅಷ್ಟೇ ಅಗಲದ ಪಾರದರ್ಶಕ ಪಾಲಿಥೀನನ್ನೂ ಕಟ್ಟಿ. ರಾತ್ರಿ 8, 10 ಮತ್ತು ಬೆಳಗಿನ 5 ಗಂಟೆಗೆ ತಾಪ ಬರೆದುಕೊಳ್ಳಿ. ಮೋಡ ಕವಿದ ರಾತ್ರಿಯಲ್ಲಿ ಮತ್ತೊಮ್ಮೆ ಮಾಡಿ. ಮೂರರಲ್ಲಿ ಯಾವುದು ಹೆಚ್ಚು ತಣ್ಣಗಾಯಿತು? ಮೋಡವಿದ್ದಾಗ ವ್ಯತ್ಯಾಸ ಏನಾಯಿತು? ಪಾಲಿಥೀನಿನ ಮೇಲೆ ಇಬ್ಬನಿ ಕೂತ ಮೇಲೆ ಅದರ ಕೆಳಗಿನ ತಾಪ ಬದಲಾಯಿತೇ?

ಫಲಿತಾಂಶವನ್ನು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಹೊಲ, ಕಣ, ಕುರಿ ಕಾಯುವವರಿಗೆ ತಿಳಿಸಲಿ. ಕೆಂಡದ ಲೆಕ್ಕವನ್ನು ಮಾತ್ರ ಪ್ರಯೋಗ ಮಾಡಿ ನೋಡುವುದು ಬೇಡ. ಅದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ, ಮನೆಯವರಿಗೆ ತಪ್ಪದೆ ಹೇಳುವಂತೆ ಮಾಡಿದರೆ ಸಾಕು.